ತಾಳಣ್ಣನ ಆಟ

ಭಾನುವಾರ ಮಧ್ಯಾಹ್ನ ಫೋನಿನಲ್ಲೇ ಕೂಡಿ, ದುಡ್ಡು ಕಟ್ಟದೆ ಬರೀ ಅಂಕಗಳ ಪಣಕ್ಕೆ ಇಸ್ಪೀಟಿನ ಪೋಕರ್ ಆಡುವ ಗೆಳೆಯರ ಕ್ಲಬ್ಬಿಗೆ ಹಲ್ಲಿನ ಡಾಕ್ಟರಮ್ಮ ಸೇರಿದಾಗ ಅವಳಿಗೆ ಮೊದಲು ಪರಿಚಯವಾದದ್ದು ತಾಳಣ್ಣನ ದನಿ. ಅಲ್ಲಿ ಮುಖ ಕಾಣುವುದಿಲ್ಲ, ಮಾತಷ್ಟೇ ಕೇಳುತ್ತದೆ. ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದ ಆ ಮನುಷ್ಯ ತನ್ನ ಸರದಿ ಬಂದರೆ ಸಾಕು, "ತಾಳಿ, ಒಂದ್ನಿಮಿಷ ತಾಳಿ" ಎನ್ನುತ್ತಿದ್ದ. ಹೆಸರು ಬಂದದ್ದೇ ಹಾಗೆ. ಅವನು ಆಡುವಷ್ಟರಲ್ಲಿ ಒಬ್ಬರು ಬಟ್ಟೆ ಒಣಹಾಕಿ ಬರುತ್ತಿದ್ದರು, ಇನ್ನೊಬ್ಬರು ಕೋಳಿನಿದ್ದೆ ತೆಗೆಯುತ್ತಿದ್ದರು. "ಅಣ್ಣಾ, ಲಿಫ್ಟು ಯಾವ ಮಹಡೀಲಿ ಸಿಕ್ಹಾಕ್ಕೊಂಡಿದೆ?" ಎಂದು ಡಾಕ್ಟರಮ್ಮ ರೇಗಿಸಿದರೆ ಮನಸಾರೆ ನಗುತ್ತಿದ್ದ. ಆದರೂ ಕೈಯಲ್ಲಿ ಕಾಸಿಗೆ ಬಾರದ ಎಲೆ ಹಿಡಿದು, ಘನವಾದದ್ದೇ ಇದೆಯೆಂಬಂತೆ ಪಣ ಏರಿಸಿ, ಎಲ್ಲರನ್ನೂ ಬೇಸ್ತು ಬೀಳಿಸುತ್ತಿದ್ದವನು ಅವನೇ. ಅಂಥವನು ಕೆಲವು ವಾರ ಕಾಣೆಯಾಗಿ ಮರಳಿ ಬಂದ ದಿನ, ಸರದಿ ಬಂದದ್ದೇ ತಡ, ಪ್ರತಿ ಸಲವೂ ಆಟ ಬಿಟ್ಟುಕೊಟ್ಟ. "ಏನಣ್ಣ, ಇವತ್ತು ಇಷ್ಟು ಅವಸರ?" ಎಂದು ಡಾಕ್ಟರಮ್ಮ ಕೇಳಿದಳು. "ನಂಗೆ ಆಟ ಎಲ್ಲಿ ಬರುತ್ತಮ್ಮ? ಆಡ್ತಿದ್ದೋಳು ನಮ್ಮನೆಯವಳು. ಲಕ್ವ ಹೊಡೆದು ಮಾತು ನಿಂತೋಗಿತ್ತು. ನಾನು ಫೋನು ಹಿಡೀತಿದ್ದೆ, ಅವಳು ಕಣ್ಣಲ್ಲೇ ಹೇಳೋಳು. ನಿಮಗೆ ಹೇಳಿದ್ರೆ ಪಾಪ ಅಂತ ಸೋತುಕೊಡ್ತಿದ್ರಿ. ಹೋದ ತಿಂಗಳು ತೀರ್ಕೊಂಡ್ಳು." ಇಷ್ಟು ದಿನ ಜೊತೆಗೆ ಕೂತು ಆಡಿದವಳನ್ನು ಒಮ್ಮೆಯಾದರೂ 'ಚೆನ್ನಾಗಿದ್ದೀರಾ' ಎಂದು ಕೇಳಲಿಲ್ಲವಲ್ಲ ಎಂದು ಡಾಕ್ಟರಮ್ಮ ನೊಂದುಕೊಂಡಳು.