ಉಸ್ತಾದರು ಎಳೆದ ಗೆರೆ

ಉಸ್ತಾದರ ಬಲಗಿವಿಯ ಹಾಲೆ ಎಡಗಿವಿಯದಕ್ಕಿಂತ ಉದ್ದ. ಯಾರಾದರೂ ಸುದ್ದಿ ತಂದರೆ ಆ ಹಾಲೆಯನ್ನು ಹಿಡಿದೆಳೆದು, “ಯಾರ ಬಾಯಿಂದ ಕೇಳಿದ್ರಿ?” ಎನ್ನುವುದು ಅವರ ರೂಢಿ. ಐವತ್ತು ವರ್ಷ ಎಳೆದರೆ ಕಿವಿಯಾದರೂ ಏನು ಮಾಡೀತು!

ಹೊಸಪೇಟೆಯಲ್ಲಿ ನಮ್ಮಿಬ್ಬರದು ಗೋಡೆಗೆ ಗೋಡೆ ಹತ್ತಿದ ಮನೆ. ಅವರು ಮದರಸಾದಲ್ಲಿ ಹದೀಸು, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳನ್ನು ಕಲಿಸಿದವರು. ನಾನು ನಿವೃತ್ತ ಕನ್ನಡ ಮಾಸ್ತರ. ಆ ವರದಿಗಳನ್ನು ಬಾಯಿಂದ ಬಾಯಿಗೆ ದಾಟಿಸಿದ ಹಳೆಯ ನಿರೂಪಕರ ಬದುಕನ್ನು ಅವರು ಹೇಳುತ್ತಿದ್ದರು, ನಾನು ಪುಸ್ತಕ ಮಾಡಲೆಂದು ಬರೆದುಕೊಳ್ಳುತ್ತಿದ್ದೆ. ಒಮ್ಮೆ, ಡ್ಯಾಮಿನ ಗೇಟು ತೆಗೆದರಂತೆ ಎಂದೆ. ಅವರ ಕೈ ಕಿವಿಗೆ ಹೋಯಿತು. ನನಗೆ ಹೇಳಿದವನು ಆಟೋದವನು, ಅವನಿಗೆ ಹೇಳಿದವನು ಚಹಾದಂಗಡಿಯವನು. “ನೀರು ಕಂಡವ್ರು ಒಬ್ರೂ ಇಲ್ಲಲ್ರೀ ಮಾಸ್ತರ್ರ!” ಎಂದು ನಕ್ಕರು.

ಇರಾಕಿನ ಬಸ್ರಾ ಪಟ್ಟಣದ ಒಬ್ಬ ನಿರೂಪಕರ ಕಥೆಯನ್ನು ಮಾತ್ರ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಹಿರಿಯರು ಬಲು ನಂಬಿಕಸ್ಥರು. ಮುಪ್ಪಿನಲ್ಲಿ ನೆನಪು ಕಲಸಿಹೋದಾಗ, ಅವರಿಂದ ಯಾರೂ ವರದಿ ಕೇಳದಂತೆ ಸ್ವಂತ ಮಕ್ಕಳೇ ತಡೆದರಂತೆ.

“ಪಾಪ, ಮುದುಕರ ಬಾಯಿ ಮುಚ್ಚಿಸಿದ್ರಲ್ರೀ,” ಎಂದೆ.

“ಮುಚ್ಚಿಸ್ಲಿಲ್ರಿ, ಕಾಯ್ದ್ರು. ಅದಕ್ಕ ಅವ್ರು ಮೊದ್ಲು ಹೇಳಿದ್ದು ಇವತ್ತಿಗೂ ಉಳದೈತಿ.”

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಉಸ್ತಾದರು ಒಬ್ಬ ನಿರೂಪಕರ ಬದುಕಿನ ಘಟನೆಯನ್ನು ಇನ್ನೊಬ್ಬರಿಗೆ ಜೋಡಿಸಿ ಹೇಳಿಬಿಟ್ಟರು. ಸರಿಯಾದದ್ದು ನನ್ನ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲೇ ಇತ್ತು. ದೊಡ್ಡವರಿಗೆ ಹೇಗೆ ಹೇಳುವುದೆಂದು ತೆಪ್ಪಗೆ ಬರೆದುಕೊಂಡೆ. ಮರುದಿನ ಅನುಮಾನ ಬಂದು ಅವರೇ ನಮ್ಮ ಮನೆಗೆ ಬಂದರು, ಎರಡೂ ಪುಟ ಓದಿಸಿದರು.

“ನಿಮಗ ನಿನ್ನೇನ ಗೊತ್ತಾಗಿತ್ತಲ್ಲ?”

“ಹೂಂರಿ.”

“ಮತ್ತ ಸುಮ್ನ ಯಾಕ ಇದ್ರಿ? ನನ್ನ ಮರ್ಯಾದಿ ಉಳಿಸಾಕ ಸುಳ್ಳು ಬರದ್ರೇನ್ರಿ?”

ನಾಚಿ ನೋಟ್‌ಬುಕ್ಕನ್ನು ಅವರ ಮುಂದೆ ಸರಿಸಿದೆ. ಅವರು ನನ್ನ ಪೆನ್ನು ತೆಗೆದುಕೊಂಡು, ತಪ್ಪು ಶುರುವಾದ ಸಾಲಿನ ಮೇಲ್ಗಡೆ ಒಂದು ಅಡ್ಡಗೆರೆ ಎಳೆದರು.

“ಇಲ್ಲಿಗೆ ಮುಗೀತ್ರಿ. ಇನ್ಮ್ಯಾಲೆ ನಾ ಏನ ಹೇಳಿದ್ರೂ ಬರ್ಕೋಬ್ಯಾಡ್ರಿ. ನನಗ ಮಕ್ಕಳಿಲ್ಲ. ಬಸ್ರಾದ ಆ ಮಕ್ಕಳ ಕೆಲಸ ನೀವ ಮಾಡ್ರಿ.”

ತಮ್ಮ ವಿದ್ಯೆಗೆ ತಾವೇ ಬಾಗಿಲು ಹಾಕಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ. ಕೈ ಮುಗಿಯಬೇಕೆನಿಸಿತು, ಮುಗಿದೆ.

ಆಮೇಲೂ ದಿನಾ ಹೋಗುತ್ತಿದ್ದೆ. ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಪೆನ್ನು ಜೇಬಿನಲ್ಲೇ ಇರುತ್ತಿತ್ತು. ತೀರಿಕೊಳ್ಳುವ ಹಿಂದಿನ ವಾರ ನನ್ನ ಕೈ ಹಿಡಿದು, ಬಸ್ರಾದ ಆ ಹಿರಿಯರ ಬಗ್ಗೆ ಒಂದು ಹೊಸ ಮಾತು ಹೇಳಿದರು. ಅಷ್ಟು ಚೆಂದದ ಮಾತನ್ನು ನನ್ನ ಆಯುಷ್ಯದಲ್ಲಿ ಕೇಳಿಲ್ಲ.

ಪುಸ್ತಕ ಅಚ್ಚಾಗಿದೆ. ಅದರಲ್ಲಿ ಆ ಮಾತಿಲ್ಲ. ಇಲ್ಲಿಯೂ ಬರೆಯುವುದಿಲ್ಲ.