ಸೋಪಿಲ್ಲದೆ ಕಳಚಿದ ಬಳೆ

ಬೆಳಿಗ್ಗೆ ಸೊಸೆ ಮೆಂತ್ಯ ನೆನೆಸಿದ ನೀರು ತಂದಿಟ್ಟಳು. ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ. ಲೋಟ ಮೂಗಿನ ಹತ್ತಿರ ಬಂದದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದಳು. ಆ ವರ್ಷ ಅವಳ ಮೈಯೆಲ್ಲ ಇದೇ ವಾಸನೆ...

ಆಗ ನಮ್ಮೂರು ಭಂಡಿಗಡಿಯಲ್ಲಿ ಹೆಂಗಸರಿಗೆ ತೂಕ ಇಳಿಸುವ ಕ್ಲಾಸು ಶುರುವಾಗಿತ್ತು. ಕೊಪ್ಪದಿಂದ ಒಬ್ಬರು ಟೀಚರು ಬಸ್ಸಿನಲ್ಲಿ ಬರುತ್ತಿದ್ದರು. ಅನ್ನ ಕಡಿಮೆ ಮಾಡಿ, ಕಾಫಿಗೆ ಸಕ್ಕರೆ ಬೇಡ, ಬೆಳಿಗ್ಗೆ ಮೆಂತ್ಯದ ನೀರು ಕುಡಿಯಿರಿ, ಬಗ್ಗಿ, ಏಳಿ ಎನ್ನುತ್ತಿದ್ದರು. ತೂಕಕ್ಕೆ ಅಡಿಕೆ ಚೀಲ ತೂಗುವ ತಕ್ಕಡಿಯನ್ನೇ ತಂದಿಟ್ಟಿದ್ದರು. ಹತ್ತುವ ಮೊದಲು ಎಲ್ಲರೂ ಬಳೆ ತೆಗೆಯುತ್ತಿದ್ದೆವು, ಅಷ್ಟಾದರೂ ಹಗುರಾಗಲಿ ಎಂದು. ಮುತ್ತೈದೆಯರು ಕೈಗೊಂದು ಬಿಟ್ಟುಕೊಳ್ಳುವುದು. ಅಕ್ಕನ ಕೈ ದಪ್ಪ. ಮೊದಲ ಸಲ ಸೋಪು ಹಚ್ಚಿ ಎಳೆದದ್ದು ನಾನೇ.

"ನಿಧಾನ ಮಾರಾಯ್ತಿ, ಕೈಯೇ ಕಿತ್ತು ಬರ್ತದೆ" ಎಂದು ನಕ್ಕಿದ್ದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಎಲ್ಲರಿಗಿಂತ ಹೆಚ್ಚು ಇಳಿದಳು. ಟೀಚರು ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಹುಟ್ಟಿದ ಮೇಲೆ ಯಾರೂ ಅವಳಿಗೆ ಚಪ್ಪಾಳೆ ಹೊಡೆದಿರಲಿಲ್ಲ. ಆ ಮುಖ ನೋಡಬೇಕಿತ್ತು... ನಾನು ಒಂದು ಕಿಲೋ ಏರಿದ್ದೆ.

ಆದರೆ ಅವಳು ತಿನ್ನುವುದು ಎಷ್ಟೆಂದು ನಾನು ಕಂಡಿದ್ದೆ. ಕರೆದು ಕಡುಬು ಹಾಕಿದರೆ ಅರ್ಧವೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಸಿವೇ ಇಲ್ಲ, ಮೆಂತ್ಯದ ಗುಣ ಎನ್ನುತ್ತಿದ್ದಳು. ಒಂದು ಕೊಡ ನೀರೆತ್ತಿದರೆ ಏದುಸಿರು.

"ಇದು ಕ್ಲಾಸಿಂದ ಇಳಿದದ್ದಲ್ಲ ಅಕ್ಕ. ಆಸ್ಪತ್ರೆಗೆ ಹೋಗು."

"ಹೊಟ್ಟೆಕಿಚ್ಚು ನಿಂಗೆ. ನೀನೂ ಕಡುಬು ಬಿಡು, ಇಳೀತೀಯ."

ಮುಂದಿನ ಸಲ ತಕ್ಕಡಿ ಹತ್ತಿ ಕೈ ಇಳಿಬಿಟ್ಟಳು. ಬಿಟ್ಟುಕೊಂಡಿದ್ದ ಒಂದು ಬಳೆ ತಾನಾಗಿ ಜಾರಿ, ಬಿದ್ದು, ಒಡೆಯಿತು. ಚಪ್ಪಾಳೆಗೆ ಎತ್ತಿದ್ದ ಕೈಗಳು ಅಲ್ಲೇ ನಿಂತವು. ಮುತ್ತೈದೆಯ ಬಳೆ ಹೀಗೆ ಒಡೆದರೆ ಗಂಡನಿಗೆ ಕೇಡು ಎಂದು ಎಲ್ಲರಿಗೂ ಹೆದರಿಕೆ. ಅವಳೂ ಹೆದರಿದಳು. ಗಂಡನ ಆಯುಷ್ಯಕ್ಕೆಂದು ಶೃಂಗೇರಿಗೆ ಹೋಗಿ ಪೂಜೆ ಮಾಡಿಸಿದಳು. ಅವನನ್ನು ಡಾಕ್ಟರಿಗೂ ತೋರಿಸಿದಳು. ಬಳೆ ಜಾರಿದ ಕೈಯನ್ನು ಯಾರೂ ನೋಡಲಿಲ್ಲ. ನಾನು ಹೇಳಿದರೆ ಮತ್ತೆ ಅದೇ ಹೊಟ್ಟೆಕಿಚ್ಚಿನ ಮಾತು.

ಗಂಡ ಗಟ್ಟಿಯಾಗಿಯೇ ಇದ್ದ. ಈಗಲೂ ಇದ್ದಾನೆ. ಅವಳು ಅಂಗಳದಲ್ಲಿ ಬಿದ್ದ ಮೇಲೆಯೇ ಆಸ್ಪತ್ರೆ ಕಂಡದ್ದು. ಹೊಟ್ಟೆಯಲ್ಲಿ ಗಡ್ಡೆ, ತಡವಾಯಿತು ಎಂದರು. ಮುಂದಿನ ಮಳೆಗಾಲ ಅವಳು ನೋಡಲಿಲ್ಲ.

ಟೀಚರು ಹೇಳಿಕೊಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಳಿದದ್ದೆಲ್ಲ ಒಳ್ಳೆಯದಕ್ಕೇ ಎಂದುಕೊಂಡೆವು, ಅಷ್ಟೇ. ಹೊಟ್ಟೆಕಿಚ್ಚು ಎಂದು ನನ್ನ ಬಾಯಿ ಮುಚ್ಚಿಸುವವರು ಈಗ ಯಾರೂ ಇಲ್ಲ...

"ಅತ್ತೆ, ಸ್ವಲ್ಪ ಇಳಿದಿದ್ದೀರಿ. ಚೆನ್ನಾಗಿ ಕಾಣ್ತೀರಿ" ಎಂದಳು ಸೊಸೆ.

ಲೋಟ ಕೆಳಗಿಟ್ಟೆ. ಕೈಯ ಬಳೆ ಹಿಡಿದು ಎಳೆದೆ. ಹೆಬ್ಬೆರಳಿನ ಬುಡಕ್ಕೆ ಬಂದು ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದು ನೋಡಿದೆ. ಬರಲಿಲ್ಲ.

ಆಮೇಲೆ ನೀರು ಕುಡಿದೆ.