ಕಬ್ಬಿಣ ಕೊಯ್ಯುವ ಬೆಳಕಿಗೆ ಮೇವೆಷ್ಟು

ಆಳಂದದಿಂದ ಖಜೂರಿಗೆ ಹೋಗುವ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ದೌಲತರಾಯನ ಹೆಂಡತಿ ಗುರುಬಾಯಿಗೆ ಒಂದು ಚಾಳಿ ಇತ್ತು. ಮನೆಗೆ ಎಮ್ಮೆ ಬರಲಿ, ರೇಡಿಯೋ ಬರಲಿ, ಆಕೆ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಇದು ಏನು ತಿಂತದರಿ?" ಬೆಲೆಯನ್ನು ಆಮೇಲೆ ಕೇಳುತ್ತಿದ್ದಳು, ಕೆಲವೊಮ್ಮೆ ಕೇಳುವುದನ್ನೇ ಮರೆಯುತ್ತಿದ್ದಳು. ನಾದಿನಿಯ ಮಗಳಿಗೆ ಗಂಡು ನೋಡಲು ಹೋದಾಗಲೂ ಇದನ್ನೇ ಕೇಳಿದಳೆಂದು ಬೀಗರು ಬಿಜ್ಜರೆಲ್ಲ ಹೇಳಿಕೊಂಡು ನಗುತ್ತಿದ್ದರು. ಕೇಳಿದ್ದು ನಿಜ. ಹುಡುಗ ಗುಟಕಾ ತಿನ್ನುತ್ತಾನೆ ಎಂಬುದು ಬಯಲಾಗಿದ್ದೂ ಆವಾಗಲೇ. ಅದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಈ ಚಾಳಿ ಬಂದದ್ದು ತಂದೆಯಿಂದ. ನರೋಣಾದ ಅಂಬಾರಾಯನಿಗೆ ಎತ್ತು ಬೇಕಾದರೆ ಆತ ಸಂತೆಯಲ್ಲಿ ಎಲ್ಲರಂತೆ ಹಲ್ಲು, ಸುಳಿ ನೋಡಿ ಮುಗಿಸುತ್ತಿರಲಿಲ್ಲ. ಮಾರುವವನ ಊರಿಗೇ ಹೋಗಿ, ಕೊಟ್ಟಿಗೆಗೆ ನುಗ್ಗಿ, ಗೋದಲಿಯಲ್ಲಿ ಕೈಯಾಡಿಸುತ್ತಿದ್ದ. ಎಂಥ ಮೇವು ಹಾಕುತ್ತಾರೆ, ಎಷ್ಟು ತಿಂದಿದೆ, ಎಷ್ಟು ಬಿಟ್ಟಿದೆ ಎಂದು ನೋಡಿಯೇ ಮಾತಿಗೆ ಕೂರುತ್ತಿದ್ದ. ಸಣ್ಣ ಗುರುಬಾಯಿ ಅಪ್ಪನ ಧೋತರದ ಚುಂಗು ಹಿಡಿದು ಹೋಗಿ, ಊರವರ ಗೋದಲಿಗಳನ್ನೆಲ್ಲ ಇಣುಕಿ ನೋಡಿ ಬೆಳೆದವಳು. ಎಪ್ಪತ್ನಾಲ್ಕರಲ್ಲಿ ಮದುವೆ ಮಾಡಿಕೊಡುವಾಗ ಅಪ್ಪ ಆಕೆಗೆ ಅರಿಷಿಣ ಕುಂಕುಮಕ್ಕೆಂದು ನರೋಣಾದ ಬಾವಿ ಹೊಲ ಕೊಟ್ಟ. ಕಾಗದವನ್ನೂ ಆಕೆಯ ಹೆಸರಿಗೇ ಮಾಡಿಸಿದ. ಹೆಣ್ಣುಮಗಳ ಹೆಸರಿಗೆ ಯಾಕೆ, ಅಳಿಯನ ಹೆಸರಿಗೆ ಬರೆಸು ಎಂದು ಊರು ಹೇಳಿತು. ಅಂಬಾರಾಯ ಕಿವಿಗೆ ಹಾಕಿಕೊಳ್ಳಲಿಲ್ಲ.

ದೌಲತರಾಯನೂ ಆ ಹೊಲದ ಮೇಲೆ ಕಣ್ಣು ಹಾಕಲಿಲ್ಲ ಅನ್ನಿ. ಏನು ಬಿತ್ತಬೇಕು, ಯಾರಿಗೆ ಪಾಲಿಗೆ ಕೊಡಬೇಕು ಎಲ್ಲ ಗುರುಬಾಯಿಯದೇ. ಅವನ ಧ್ಯಾನವೆಲ್ಲ ಕಬ್ಬಿಣದ ಮೇಲೆ. ವೆಲ್ಡಿಂಗ್ ಮಷೀನು ತಂದ ದಿನ ಹೆಂಡತಿ ತನ್ನ ಪ್ರಶ್ನೆ ಕೇಳಿದಾಗ, "ಕರೆಂಟು ತಿಂತದ, ರಾಡು ತಿಂತದ, ನನ್ನ ಕಣ್ಣೂ ಜರಾ ತಿಂತದ" ಎಂದಿದ್ದ. ಗ್ಯಾಸ್ ಕಟರ್ ಬಂದಾಗ, "ಎರಡು ನಮೂನಿ ಗ್ಯಾಸು, ಮತ್ತ ನನ್ನ ಅರ್ಧ ಮೀಸಿ" ಎಂದ. ಅವತ್ತು ಮೀಸೆ ನಿಜವಾಗಿಯೂ ಸುಟ್ಟಿತ್ತು. ಆಮೇಲೆ ನೆಲದ ಮೇಲೆ ಇದ್ದಿಲಿನಿಂದ ಚಿತ್ರ ಬರೆದು, ಸಿಲಿಂಡರಿನೊಳಗೆ ಗಾಳಿ ಹೇಗೆ ತುಂಬುತ್ತಾರೆ ಎಂದು ತಾಸುಗಟ್ಟಲೆ ಹೇಳಿಕೊಟ್ಟಿದ್ದ. ರೊಟ್ಟಿ ಹಂಚಿನ ಮೇಲೆ ಕರಕಾದರೂ ಇಬ್ಬರಿಗೂ ಖಬರಿರಲಿಲ್ಲ. ಅವರ ಸಂಸಾರದ ಸುಖವೆಲ್ಲ ಇಂಥ ಪ್ರಶ್ನೆಗಳಲ್ಲೇ ಇತ್ತು ಅಂದರೂ ನಡೆಯುತ್ತದೆ.

ತೊಂಬತ್ತೆಂಟರ ಬೇಸಿಗೆಯಲ್ಲಿ ಪುಣೆಯಿಂದ ಬಂದ ಒಂದು ಲಾರಿ ಸ್ಪ್ರಿಂಗಿನ ಪಾಟಾ ಮುರಿದು ಅಂಗಡಿಯ ಮುಂದೆ ನಿಂತಿತು. ರಿಪೇರಿಗೆಂದು ಇಳಿಸಿದ ಸಾಮಾನಿನಲ್ಲಿ ಕೊಯ್ದ ಕಬ್ಬಿಣದ ತಗಡುಗಳಿದ್ದವು. ದೌಲತರಾಯ ಒಂದರ ಅಂಚಿನ ಮೇಲೆ ಬೆರಳಾಡಿಸಿದ. ಅವನ ಗ್ಯಾಸ್ ಕಟರಿನಿಂದ ಕೊಯ್ದರೆ ಅಂಚಿಗೆಲ್ಲ ಕಿಟ್ಟ ಕಟ್ಟುತ್ತಿತ್ತು, ಉಜ್ಜಿ ಉಜ್ಜಿ ತೋಳು ಬೀಳುತ್ತಿತ್ತು. ಇದು ಕತ್ತರಿಯಿಂದ ಕಾಗದ ಕೊಯ್ದ ಹಾಗಿತ್ತು. ಹೇಗೆ ಕೊಯ್ದರು ಎಂದು ಕೇಳಿದರೆ ಡ್ರೈವರ್, "ಬೆಳಕಿನಿಂದ" ಎಂದ. ಕುಡಿದಿದ್ದಾನೆ ಎಂದು ದೌಲತರಾಯ ಮೊದಲು ನಂಬಲಿಲ್ಲ. ಆದರೆ ವಾರ ಕಳೆಯುವುದರೊಳಗೆ ಪುಣೆಗೆ ಹೋಗಿ ಕಣ್ಣಾರೆ ನೋಡಿ ಬಂದ.

ಬಂದವನು ಮೊದಲಿನ ದೌಲತರಾಯನಾಗಿರಲಿಲ್ಲ. ಲೇಸರ್ ಎಂಬ ಆ ಮಷೀನು ಇಟ್ಟಿದ್ದ ವಿಠ್ಠಲ ಎಂಬಾತ ಅಕ್ಕಲಕೋಟೆ ಕಡೆಯವನು, ಮನೆಯಲ್ಲಿ ಕನ್ನಡ ಆಡುವವನು. ಹೊಸದೊಂದು ತರಿಸುತ್ತಿದ್ದುದರಿಂದ ಹಳೆಯದನ್ನು ಮಾರುವವನಿದ್ದ. ಹೊಸದಕ್ಕಾದರೆ ಕೋಟಿ ಮುಟ್ಟುತ್ತದೆ, ಹಳೆಯದಕ್ಕೆ ಹನ್ನೆರಡು ಲಕ್ಷ. ಮೂರು ಲಕ್ಷ ಕೈಯಿಂದ ಹಾಕಿದರೆ ಉಳಿದದ್ದನ್ನು ಬ್ಯಾಂಕು ಕೊಡುತ್ತದೆ. ನರೋಣಾದ ಬಾವಿ ಹೊಲಕ್ಕೆ ಹೆಚ್ಚುಕಡಿಮೆ ಮೂರು ಲಕ್ಷವೇ ಬರುತ್ತಿತ್ತು. ಇಷ್ಟನ್ನು ಹೇಳಿ ದೌಲತರಾಯ ತಲೆ ತಗ್ಗಿಸಿ ಕುಳಿತ. ಹೇಳದೆ ಉಳಿದದ್ದು ಇನ್ನೊಂದಿತ್ತು. ಹೊಲದ ಬಾಜೂದ ಚಂದ್ರಾಮಪ್ಪನಿಂದ ಆತ ಆಗಲೇ ಹೊಲ ಕೊಡುವ ಮಾತಿಗೆ ಸಂಚಕಾರದ ಮುಂಗಡ ರೊಕ್ಕ ತೆಗೆದುಕೊಂಡಾಗಿತ್ತು.

ಮರುದಿನ ನರೋಣಾದಿಂದ ಬಂದವರ ಬಾಯಿಂದ ಅದು ಗೊತ್ತಾದಾಗ ಗುರುಬಾಯಿಗೆ ಸಿಟ್ಟು ನೆತ್ತಿಗೇರಿತು. ಹೊಲ ಕೇಳಿದ್ದಕ್ಕಲ್ಲ, ಕೇಳುವ ಮೊದಲೇ ಮಾತು ಕೊಟ್ಟದ್ದಕ್ಕೆ. ಇಪ್ಪತ್ತು ವರ್ಷದ ಮೇಲಾಯಿತು, ಈ ಮನುಷ್ಯ ಬೇರೆಯವರಂತಲ್ಲ ಎಂದು ತವರಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಳು. ಈಗ ಒಲ್ಲೆ ಎಂದರೆ ಊರಲ್ಲಿ ಗಂಡನ ಮಾತು ಮಣ್ಣಾಗುತ್ತಿತ್ತು, ಹೂಂ ಎಂದರೆ ಅಪ್ಪ ಕೊಟ್ಟ ಹೊಲ ಹೋಗುತ್ತಿತ್ತು. ಮೂರನೆಯ ದಿನ ತಾಟು ಮುಂದಿಡುತ್ತ, "ಅದು ಏನು ತಿಂತದ ನೋಡ್ತೇನಿ. ಆಮ್ಯಾಲ ಸಹಿ ಮಾಡೂದು ಬಿಡೂದು ಹೇಳ್ತೇನಿ" ಎಂದಳು. ಒಳಗೊಳಗೆ ಒಲ್ಲೆ ಎನ್ನುವುದನ್ನು ನಿಶ್ಚಯ ಮಾಡಿಕೊಂಡೇ ಇದ್ದಳು. ಪುಣೆಗೆ ಹೋಗುವುದು ಒಂದು ನೆವ ಅಷ್ಟೆ.

ಸೊಲ್ಲಾಪುರದವರೆಗೆ ಬಸ್ಸು, ಅಲ್ಲಿಂದ ರೈಲು. ಖಟಕ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹಿಡಿದು ಗಂಡಹೆಂಡತಿ ವಿಠ್ಠಲನ ಶೆಡ್ಡಿಗೆ ಬಂದಿಳಿದರು. ವಿಠ್ಠಲ ಕುರ್ಚಿ ಹಾಕಿಸಿ, ಮಷೀನಿನ ಮುಂದೆ ನಿಲ್ಲಿಸಿ ತೋರಿಸಹೊರಟ. ಗುರುಬಾಯಿ ಮುಂದೆ ನಿಲ್ಲಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ನೇರ ಹಿಂದಕ್ಕೆ ಹೋದಳು.

"ವೈನಿ, ಅಲ್ಲೇನೂ ಇಲ್ರಿ ನೋಡಾಕ" ಎಂದ ವಿಠ್ಠಲ.

"ಗೋದಲಿ ಇಲ್ಲೇ ಅದಲ್ರಿ?" ಎಂದಳು.

ವಿಠ್ಠಲನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಜೋರಾಗಿ ನಕ್ಕು ತಾನೂ ಹಿಂದೆ ಬಂದ. ಒಳ್ಳೆಯ ಮನುಷ್ಯ, ಮಾರುವ ಸಾಮಾನಿನ ಕೊರತೆ ಮುಚ್ಚಿಡುವ ಜಾತಿಯವನಲ್ಲ. ಸಾಲಾಗಿ ನಿಂತ ಸಿಲಿಂಡರುಗಳನ್ನು ತೋರಿಸಿದ. ಬೆಳಕು ಹುಟ್ಟಿಸಲು ಮೂರು ನಮೂನೆಯ ಗ್ಯಾಸು ಬೇಕು, ಅದರಲ್ಲಿ ತುಟ್ಟಿಯದು ಬಲೂನಿಗೆ ತುಂಬುವ ಗ್ಯಾಸು ಎಂದ.

"ಬಲೂನಿನ ಗ್ಯಾಸು ತಿಂದು ಕಬ್ಬಿಣ ಕೊಯ್ತದಾ?" ಗುರುಬಾಯಿ ಬಾಯಿ ಮೇಲೆ ಕೈಯಿಟ್ಟಳು.

"ಹೌದ್ರಿ. ಅದೂ ಏಕದಂ ಶುದ್ಧ ಬೇಕು. ಜರಾ ಕಸರು ಇದ್ರ ಒಳಗಿನ ಕನ್ನಡಿ ಹಾಳಾಗ್ತಾವ."

"ಕನ್ನಡಿ ಯಾಕ್ರಿ ಅದಕ್ಕ?"

ಬೆಳಕು ಹುಟ್ಟುವುದು ಇಲ್ಲಿ ಹಿಂದೆ, ಕೊಯ್ಯುವುದು ಅಲ್ಲಿ ಮುಂದೆ. ಅದನ್ನು ಕನ್ನಡಿಯಿಂದ ಕನ್ನಡಿಗೆ ತಿರುಗಿಸಿ ಒಯ್ಯಬೇಕು, ಕೊನೆಗೆ ಒಂದು ಮಸೂರದಲ್ಲಿ ಕೂಡಿಸಿ ಸೂಜಿಮೊನೆಯಷ್ಟು ಮಾಡಬೇಕು. ವಿಠ್ಠಲ ಕಪಾಟಿನಿಂದ ಆ ಮಸೂರ ತೆಗೆದು ತೋರಿಸಿದ. ಹಳದಿ ಬಣ್ಣದ್ದು, ರೂಪಾಯಿ ಬಿಲ್ಲೆಗಿಂತ ಒಂದಿಷ್ಟು ದೊಡ್ಡದು, ಪರದೇಶದಿಂದ ಬರಬೇಕು. ಕಿಡಿ ಸಿಡಿದರೆ ಕೆಲವೇ ತಿಂಗಳಲ್ಲಿ ಹೋಯಿತು. ಅದರ ಬೆಲೆಗೆ ಆಳಂದದಲ್ಲಿ ಒಂದು ಜೋಡಿ ಎತ್ತು ಬರುತ್ತಿತ್ತು. ಗುರುಬಾಯಿ ಅದನ್ನು ಮುಟ್ಟಲಿಲ್ಲ, ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಬಗ್ಗಿ ನೋಡಿದಳು.

ಕರೆಂಟಿನ ಮಾತು ಬಂದಾಗ ವಿಠ್ಠಲ, "ನಿಮ್ಮ ಕಡಿ ಹತ್ತು ಬಾವಿ ಪಂಪ್‌ಸೆಟ್ ಎಳಿಯೂವಷ್ಟು" ಎಂದ. "ಅದರಾಗ ಹತ್ತು ಪಾಲು ತಿಂದ್ರ ಒಂದು ಪಾಲೂ ಬೆಳಕಾಗಂಗಿಲ್ರಿ. ಉಳಿದದ್ದೆಲ್ಲ ಬಿಸಿ. ಆ ಬಿಸಿ ಇಳಸಾಕ ತಣ್ಣನ ನೀರು ತಿರುಗಸ್ತಾ ಇರಬೇಕು, ಅದಕ್ಕ ಮತ್ತ ಬ್ಯಾರೆ ಕರೆಂಟು."

ಇಷ್ಟು ಕೇಳಿದ ಮೇಲೆ ಒಲ್ಲೆ ಎನ್ನಲು ಬೇರೆ ಕಾರಣ ಬೇಕಿರಲಿಲ್ಲ. ಆದರೆ ಅಷ್ಟರಲ್ಲಿ ಮಷೀನು ಶುರುವಾಯಿತು. ದೌಲತರಾಯ ಹಿಂದಿನ ಸಲ ಬಂದಾಗ ಬಾಗಿಲಿನ ಜಾಳಿಯ ನಕಾಶೆಯೊಂದನ್ನು ಕೊಟ್ಟು ಹೋಗಿದ್ದ. ಬಳ್ಳಿ, ಎಲೆ, ನಡುವೆ ಜೋಡಿ ಗಿಳಿ. ಅದನ್ನು ಕೈಯಿಂದ ಕೊಯ್ದು, ಉಜ್ಜಿ ನಯ ಮಾಡಲು ಅವನಿಗೆ ಒಂದು ವಾರ ಬೇಕಾಗುತ್ತಿತ್ತು. ವಿಠ್ಠಲನ ಕಡೆಯವರು ಅದನ್ನು ಕಂಪ್ಯೂಟರಿಗೆ ಇಳಿಸಿದ್ದರು. ಮಷೀನಿನ ಮೂತಿ ತಗಡಿನ ಮೇಲೆ ಸರಸರ ಓಡತೊಡಗಿತು, ತಗಡಿನ ಕೆಳಗೆ ಕಿಡಿ ಸುರಿಯಿತು.

"ಬೆಳಕು ಎಲ್ಲದರಿ? ಕಿಡಿ ಅಷ್ಟೇ ಕಾಣ್ತಾವ."

"ಕಾಣಂಗಿಲ್ಲ ವೈನಿ. ಈ ಬೆಳಕು ಕಣ್ಣಿಗಿ ಬೀಳೂದಲ್ಲ. ಅದಕ್ಕs ಹತ್ರ ಹೋಗಬ್ಯಾಡ್ರಿ, ಕಣ್ಣು ಹೋಗ್ತಾವ."

ಕಾಣದ ಬೆಳಕು! ಗುರುಬಾಯಿಗೆ ಮೈ ಜುಮ್ಮೆಂದಿತು. ಲೋಕದಲ್ಲಿ ಇಂಥದ್ದೂ ಇದೆ, ತನ್ನ ಗಂಡ ಇದನ್ನು ಹುಡುಕಿಕೊಂಡು ಬಂದಿದ್ದಾನೆ, ತಾನು ಒಲ್ಲೆ ಎನ್ನಲು ಗಂಟು ಕಟ್ಟಿಕೊಂಡು ಬಂದಿದ್ದೇನೆ. ಆಕೆಗೆ ನಾಚಿಕೆಯಾಯಿತು. ತಂದ ಚಹಾ ಆರುವುದರೊಳಗೆ ಗಿಳಿಗಳು ಮುಗಿದಿದ್ದವು. ಕಣ್ಣು, ಕೊಕ್ಕು, ರೆಕ್ಕೆಯ ಗೆರೆ ಸಹಿತ. ಅಪ್ಪನಿದ್ದಿದ್ದರೂ ಮೇವಿನ ಲೆಕ್ಕ ಮರೆಯುತ್ತಿದ್ದ ಎನಿಸಿತು.

"ತಗೊಳ್ಳೂಣ್ರಿ" ಎಂದಳು ಗಂಡನಿಗೆ. "ಹೊಲ ಹೋದ್ರ ಹೋಗ್ಲಿ. ನಾ ಸಹಿ ಮಾಡ್ತೇನಿ."

ದೌಲತರಾಯ ಕುಣಿದಾಡಬೇಕಿತ್ತು. ಆತ ಜಾಳಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಏರಿಸಿ ಇಳಿಸಿ ಭಾರ ನೋಡಿದ. ಆಮೇಲೆ ತಕ್ಕಡಿ ಎಲ್ಲಿದೆ ಎಂದು ಕೇಳಿದ. ತೂಗಿದರು. ತಗಡಿನ ಹತ್ತಿರ ಹತ್ತಿರ ಅರ್ಧ ತೂಕ ಕೊಯ್ದ ಚೂರುಗಳಲ್ಲಿ ಕೆಳಗೆ ಬಿದ್ದುಹೋಗಿತ್ತು.

"ವಿಠ್ಠಲರಾವ್, ನೀವು ಕೂಲಿ ಹ್ಯಾಂಗ ಹಿಡಿತೀರಿ?"

"ಕೊಯ್ದ ಗೆರಿ ಉದ್ದ ಅಳಿತೇವ್ರಿ. ಗೆರಿ ಹೆಚ್ಚಾದಂಗ ರೊಕ್ಕ ಹೆಚ್ಚು."

ದೌಲತರಾಯ ಹೆಂಡತಿಯ ಕಡೆ ತಿರುಗಿದ. "ನಾವು ಕಿಲೋದ ಲೆಕ್ಕದಾಗ ಮಾರ್ತೇವಿ, ಗುರುಬಾಯಿ."

ಆಕೆಗೂ ಹೊಳೆಯಿತು. ಆಳಂದದಲ್ಲಿ, ಅಫಜಲಪುರದಲ್ಲಿ, ಜೇವರ್ಗಿಯಲ್ಲಿ ಎಲ್ಲಿ ಹೋದರೂ ಬಾಗಿಲು, ಕಿಟಕಿ, ಗೇಟು ಎಲ್ಲ ಕಿಲೋಗೆ ಇಷ್ಟು ಎಂದೇ ವ್ಯಾಪಾರ. ಗಿರಾಕಿ ಬಂದು ಗೇಟು ಹಿಡಿದು ಅಲುಗಾಡಿಸಿ, ಭಾರವಿದ್ದರೆ ಗಟ್ಟಿ ಎಂದು ರೊಕ್ಕ ಎಣಿಸುತ್ತಾನೆ. ಈ ಮಷೀನು ಎಷ್ಟು ಚೆಂದ ಕೊಯ್ದರೆ ಸಾಮಾನು ಅಷ್ಟು ಹಗುರ. ಅದು ಹೆಚ್ಚು ದುಡಿದಷ್ಟೂ ಗಿರಾಕಿ ಕಡಿಮೆ ಕೊಡುತ್ತಾನೆ.

"ಮಂದಿಗಿ ಕಲಸೂಣ್ರಿ. ಕಿಲೋ ಬಿಟ್ಟು ಒಂದೊಂದು ನಗಕ್ಕ ಇಷ್ಟು ಅಂತ ಮಾರೂಣು" ಎಂದು ಆಕೆ ಹಟ ಹಿಡಿದಳು.

"ಅವ್ರು ಕಲಿಯೂತನಕ ಇದಕ್ಕ ಏನು ಹಾಕೂದು? ನಮ್ಮೂರಾಗ ಮೂರು ಫೇಸ್ ಕರೆಂಟು ಅರ್ಧ ದಿನಾನೂ ಇರಂಗಿಲ್ಲ. ಎತ್ತು ಖಾಲಿ ನಿಂತ್ರ ಕಣಿಕಿ ಹಾಕಿದ್ರ ನಡೀತದ. ಇದು ನಿಂತಲ್ಲೇ ಬ್ಯಾಂಕಿನ ಕಂತು ತಿಂತದ. ನಾಳಿ ಬಾವಿ ಹೊಲಾನೂ ಇರಂಗಿಲ್ಲ, ಇದೂ ಇರಂಗಿಲ್ಲ."

ಪ್ರಶ್ನೆ ಕೇಳುವುದು ತನ್ನ ಕೆಲಸ, ಆಸೆಪಡುವುದು ಗಂಡನ ಕೆಲಸ ಎಂದುಕೊಂಡಿದ್ದ ಗುರುಬಾಯಿಗೆ ಅವತ್ತು ಎರಡೂ ಅದಲುಬದಲಾದವು. ವಿಠ್ಠಲ ಬೇಸರ ಮಾಡಿಕೊಳ್ಳಲಿಲ್ಲ. ಬೇಕಾದಾಗ ನಕಾಶೆ ಕಳಿಸಿ, ಕೊಯ್ದು ಲಾರಿಗೆ ಹಾಕುತ್ತೇನೆ ಎಂದು ಹೇಳಿ ಕಳಿಸಿದ.

ರೈಲು ಕುರ್ಡುವಾಡಿ ದಾಟಿದ ಮೇಲೆ ಆಕೆ ರೊಟ್ಟಿಯ ಗಂಟು ಬಿಚ್ಚಿ ಗಂಡನ ಮುಂದಿಟ್ಟಳು. ಆಮೇಲೆ ತಡೆಯಲಾರದೆ ಕೇಳಿದಳು. "ನಾ ಅಲ್ಲೇ ಒಲ್ಲೆ ಅಂದಿದ್ರ ನೀವು ಬಿಡ್ತಿದ್ರೇನು?"

"ಇಲ್ಲ" ಎಂದ ದೌಲತರಾಯ. "ಒಲ್ಲೆ ಅಂದಿದ್ರ ಹಟಕ್ಕ ಬಿದ್ದು ತಗೋತಿದ್ದೆ. ನೀ ಹೂಂ ಅಂದಿ ನೋಡು, ಅಂಜಿಕಿ ಬಂತು."

ಗುರುಬಾಯಿಯ ಸಿಟ್ಟು ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಸಂಚಕಾರದ ಮಾತು ಇನ್ನೂ ಇತ್ತಲ್ಲ.

ಮಾತು ಮುರಿದರೆ ತೆಗೆದುಕೊಂಡ ಸಂಚಕಾರದ ಎರಡರಷ್ಟು ಮರಳಿಸುವುದು ಅಲ್ಲಿಯ ರೂಢಿ. ದೌಲತರಾಯ ತನ್ನ ಫಟಫಟಿ ಗಾಡಿ ಮಾರಿ, ಹೆಂಡತಿಯನ್ನು ಕರೆದುಕೊಂಡು ಬಸ್ಸಿನಲ್ಲಿ ನರೋಣಾಕ್ಕೆ ಹೋದ. ಚಂದ್ರಾಮಪ್ಪನ ಪಡಸಾಲೆಯಲ್ಲಿ ನಾಲ್ಕು ಜನ ಹಿರಿಯರು ಕುಳಿತಿದ್ದರು. ಹೆಂಗಸರಿಗೆ ಒಳಗೆ ಹೋಗಲು ಹೇಳಿದರು. ಗುರುಬಾಯಿ ಹೊಸ್ತಿಲ ಹತ್ತಿರವೇ ಕುಳಿತಳು. ಚಹಾ ಬಂತು. ರೊಕ್ಕದ ಗಂಟು ನೋಡಿ ಚಂದ್ರಾಮಪ್ಪನ ಮುಖ ಕಪ್ಪಿಟ್ಟಿತು.

"ಏನ್ ಅಳಿಯಾವ್ರ, ಹೆಣ್ಮಕ್ಕಳ ಮಾತು ಕೇಳಿ ತಿರುಗಿಬಿಟ್ರಿ?"

ಈಗ ಗಂಡ ತಲೆಯಾಡಿಸಿ ನಕ್ಕುಬಿಡುತ್ತಾನೆ, ಎಲ್ಲ ತನ್ನ ತಲೆಗೆ ಬರುತ್ತದೆ ಎಂದು ಗುರುಬಾಯಿ ಕಣ್ಣು ಕೆಳಗೆ ಹಾಕಿದಳು.

"ಇಲ್ರಿ ಕಾಕಾ" ಎಂದ ದೌಲತರಾಯ. "ಅಕಿ ಕೊಡೂಣು ಅಂದಳು, ತಿರುಗಿದಾಂವ ನಾನು. ಆದ್ರ ಹೊಲ ನಂದಲ್ರಿ, ಅಕಿದು. ಅಕಿನ್ನ ಕೇಳದೇ ನಿಮ್ಮ ಕೈಲೆ ರೊಕ್ಕ ಇಸಕೊಂಡೆ, ಅದು ನಂದು ತಪ್ಪು. ಹೊಲ ಬೇಕಂದ್ರ ಅಕಿನ್ನ ಕೇಳ್ರಿ."

ಚಂದ್ರಾಮಪ್ಪ ಆ ಹೊಲದ ಬಗ್ಗೆ ಗುರುಬಾಯಿಯ ಅಪ್ಪನ ಹತ್ತಿರ ಮಾತಾಡಿದ್ದ, ಅಣ್ಣನ ಹತ್ತಿರ ಮಾತಾಡಿದ್ದ, ಗಂಡನ ಹತ್ತಿರ ಮಾತಾಡಿದ್ದ. ಈಗ ಕುಳಿತಲ್ಲೇ ಒಂದಿಷ್ಟು ಹೊರಳಿ, ಗಂಟಲು ಸರಿಮಾಡಿಕೊಂಡು, ಹೊಸ್ತಿಲ ಕಡೆ ನೋಡಿದ.

"ಹೊಲ ಕೊಡ್ತಿ ಏನಬೇ, ಗುರುಬಾಯಿ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕಾಯಿಸಬೇಕು ಎನಿಸಿತು ಆಕೆಗೆ. ಬಸಿಯಲ್ಲಿದ್ದ ಚಹಾವನ್ನು ಪೂರ್ತಿ ಕುಡಿದಳು, ಬಸಿ ಕೆಳಗಿಟ್ಟಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇಲ್ಲ ಕಾಕಾ," ಎಂದಳು. "ನಾ ಕೊಡೂದಿಲ್ಲ."